ಭಾರ ಎಲ್ಲಿ ಕುಂತದ?

ಕಬ್ಬಿನ ಹಂಗಾಮಿನಲ್ಲಿ ಹವಳಗಾಕ್ಕೆ ಬಂದವರಿಗೆ ಜಾದೂ ನೋಡಲು ಟಿಕೆಟ್ಟು ಬೇಕಾಗುವುದಿಲ್ಲ. ಸಕ್ಕರೆ ಕಾರ್ಖಾನೆಯ ಕಡೆಗೆ ಸಾಲು ಹಚ್ಚಿದ ಟ್ರ್ಯಾಕ್ಟರುಗಳು, ಒಂದೊಂದರ ಹಿಂದೆ ಎರಡೆರಡು ಟ್ರಾಲಿ, ಟ್ರಾಲಿಯ ಮೇಲೆ ಕರೆಂಟಿನ ತಂತಿಗೆ ತಲೆ ತಾಗುವಷ್ಟು ಕಬ್ಬು. ಸಪಾಟು ದಾರಿಯಲ್ಲಿ ಎಲ್ಲವೂ ಸುರಳೀತ. ಒಂದಿಷ್ಟು ಏರು ಬಂತೋ, ಟ್ರ್ಯಾಕ್ಟರಿನ ಮುಂದಿನ ಗಾಲಿ ಎರಡೂ ನೆಲ ಬಿಟ್ಟು ಮೇಲೇಳುತ್ತವೆ. ಡ್ರೈವರ್ ಸ್ಟೇರಿಂಗ್ ತಿರುವುತ್ತಾನೆ, ಗಾಲಿ ಗಾಳಿಯಲ್ಲೇ ಎಡಕ್ಕೂ ಬಲಕ್ಕೂ ಹೊರಳುತ್ತದೆ, ಟ್ರ್ಯಾಕ್ಟರು ಮಾತ್ರ ತನಗೆ ತಿಳಿದ ಕಡೆ ಹೋಗುತ್ತದೆ. ಆಗ ಹಿಂದಿನ ಟ್ರಾಲಿಯಿಂದ ಇಬ್ಬರು ಹುಡುಗರು ಜಿಗಿದು ಓಡಿಬಂದು ಮುಂದಿನ ಬಂಪರಿನ ಮೇಲೆ ಕೂಡುತ್ತಾರೆ. ಗಾಲಿ ನೆಲಕ್ಕಿಳಿಯುತ್ತದೆ. ಆಳು ಸಿಗದಿದ್ದರೆ ಕಲ್ಲು ಹೇರುವುದೂ ಉಂಟು. ಕಲ್ಲಿಗೆ ಚಹಾ ಕೊಡಿಸಬೇಕಾಗಿಲ್ಲ ಎಂಬುದು ಅದರ ಲಾಭ.

ಊರಿನ ಹಿರಿಯರಿಗೆ ಇದರಲ್ಲಿ ಹೊಸತೇನೂ ಕಾಣಿಸುವುದಿಲ್ಲ. ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ, ಹಿಂಭಾರ ಎಂಬ ಎರಡು ಮಾತು ಗೊತ್ತಿದ್ದರೆ ಅರ್ಧ ಎಂಜಿನಿಯರಿಂಗ್ ಮುಗಿದ ಹಾಗೆ. ಗಾಡಿಗೆ ಇರುವುದು ಒಂದೇ ಅಚ್ಚು. ಹೇರು ಅಚ್ಚಿನ ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲ ಮೇಲೆ ಕೂತು ಅದನ್ನು ನೆಲಕ್ಕೆ ಒತ್ತುತ್ತದೆ. ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳಿನ ಪಟ್ಟಿ ಎತ್ತಿಗೆ ಉರುಲಾಗುತ್ತದೆ. ಅದಕ್ಕೇ ಗಾಡಿ ಹೊಡೆಯುವವನು ಏರು ಬಂದಾಗ ಮುಂದಕ್ಕೆ ಸರಿದು ಕೂಡುತ್ತಾನೆ, ಇಳುಕಲಿನಲ್ಲಿ ಹಿಂದಕ್ಕೆ ಜರುಗುತ್ತಾನೆ. ಒಬ್ಬ ಮನುಷ್ಯ ಒಂದು ಮೊಳ ಸರಿದರೆ ಇಡೀ ಗಾಡಿಯ ಮನಸ್ಸು ಬದಲಾಗುತ್ತದೆ. ಇದನ್ನು ಹತ್ತನೇ ಇಯತ್ತೆಯಲ್ಲಿ ನಮಗೆ ‘ಸನ್ನೆ’ ಎಂದು ಕಲಿಸಿದರು. ಅಷ್ಟೊತ್ತಿಗೆ ಎತ್ತುಗಳಿಗೆ ಅದು ಬಾಯಿಪಾಠವಾಗಿತ್ತು.

ಸುಗ್ಗಿ ಮುಗಿದ ಮೇಲೆ ಊರ ಅಗಸಿಯ ಮುಂದೆ ಗಾರುಡಿಯವರು ಬರುತ್ತಿದ್ದರು. ಪುಂಗಿ, ಡಮರು, ಒಂದು ಜೋಳಿಗೆ, ಒಬ್ಬ ಹುಡುಗ. ಟೋಪಿಯಿಂದ ಪಾರಿವಾಳ ತೆಗೆಯುವುದು, ಬಾಯಿಂದ ಗುಂಡು ಉಗುಳುವುದು ಇವೆಲ್ಲ ಮುಗಿದು ಕಡೆಗೆ ದೊಡ್ಡ ಆಟ. ಹುಡುಗನನ್ನು ನೆಲದ ಮೇಲೆ ಅಂಗಾತ ಮಲಗಿಸಿ ದೊಡ್ಡ ಚಾದರ ಹೊದಿಸುವರು. ಗಾರುಡಿ ಮಂತ್ರ ಹೇಳುವನು, ಡಮರು ಜೋರಾಗುವುದು. ಹುಡುಗ ಮಲಗಿದ ಹಾಗೆಯೇ ಮೇಲಕ್ಕೇಳುವನು. ಒಂದು ಕಡೆ ಮುಖ, ಇನ್ನೊಂದು ಕಡೆ ಚಾದರದಿಂದ ಹೊರಚಾಚಿದ ಬೂಟು, ನಡುವೆ ಮಟ್ಟಸವಾದ ಮೈ, ಸೊಂಟದೆತ್ತರಕ್ಕೆ. ನಾವು ಹುಡುಗರು ಉಸಿರು ಬಿಗಿ ಹಿಡಿದಿರುತ್ತಿದ್ದೆವು. ಹೆಂಗಸರು ಕೈ ಮುಗಿಯುತ್ತಿದ್ದರು.

ನಮ್ಮ ಓಣಿಯ ಕಾಕಾ ಒಬ್ಬರು, ಜೀವಮಾನವೆಲ್ಲ ಗಾಡಿ ಹೊಡೆದವರು, ನನ್ನ ಪಕ್ಕ ನಿಂತಿದ್ದರು. ಬೀಡಿ ಬಾಯಿಂದ ತೆಗೆದು ಮೆಲ್ಲಗೆ ಅಂದರು: “ಭಾರ ಎಲ್ಲಿ ಕುಂತದ ನೋಡು, ತಮ್ಮಾ. ಹುಡುಗನ ಭಾರ ಎಲ್ಲರ ಇಳೀಬೇಕಲ್ಲ? ಚಾದರದ ಅಂಚು ಯಾಕ ನೆಲ ಬಿಟ್ಟಿಲ್ಲ?”

ಹೌದಲ್ಲ! ಹುಡುಗ ಮೇಲೆದ್ದಿದ್ದ, ಚಾದರ ಮಾತ್ರ ನೆಲದವರೆಗೂ ಇಳಿಬಿದ್ದಿತ್ತು. ಆ ಮರೆಯಲ್ಲಿ ನಡೆದದ್ದು ಇಷ್ಟೆ. ಚಾದರ ಹೊದಿಸುವ ಗಡಿಬಿಡಿಯಲ್ಲಿ ಹುಡುಗ ಎರಡು ಕೋಲು ಕೈಗೆ ತೆಗೆದುಕೊಂಡಿರುತ್ತಾನೆ, ಕೋಲಿನ ತುದಿಗೆ ಬೂಟು ಸಿಕ್ಕಿಸಿರುತ್ತದೆ. ಮಂತ್ರ ಶುರುವಾದ ಕೂಡಲೇ ಅವನು ಮೊದಲು ಮೊಳಕಾಲೂರುತ್ತಾನೆ, ಆಮೇಲೆ ಮೆಲ್ಲಗೆ ಎದ್ದು ನಿಲ್ಲುತ್ತಾನೆ. ತಲೆಯನ್ನು ಮಾತ್ರ ಪೂರ್ತಿ ಹಿಂದಕ್ಕೆ ಚೆಲ್ಲಿ ಆಕಾಶ ನೋಡುತ್ತಾನೆ, ಕೋಲುಗಳನ್ನು ಮುಂದಕ್ಕೆ ಅಡ್ಡ ಹಿಡಿದಿರುತ್ತಾನೆ. ನಮಗೆ ಮಲಗಿದ ಹುಡುಗ ಕಾಣುತ್ತಾನೆ, ಒಳಗೆ ನಿಂತ ಹುಡುಗ ಇರುತ್ತಾನೆ. ಇದರಲ್ಲಿ ಮೋಸ ಮಾಡಿದ್ದು ನಮ್ಮ ಕಣ್ಣೇ. ಒಂದು ತುದಿಗೆ ತಲೆ, ಇನ್ನೊಂದು ತುದಿಗೆ ಕಾಲು ಕಂಡರೆ ನಡುವಿನ ಮೈಯನ್ನು ಅದು ತಾನೇ ಹೊಲಿದುಕೊಳ್ಳುತ್ತದೆ, ಯಾರೂ ಕೇಳದಿದ್ದರೂ.

ಕಾಕಾ ಗುಟ್ಟು ಬಯಲು ಮಾಡಲು ಹೋಗಲಿಲ್ಲ. ಆಟ ಮುಗಿದಾಗ ಎಲ್ಲರಿಗಿಂತ ದೊಡ್ಡ ನಾಣ್ಯ ಹಾಕಿದರು. ಯಾಕೆ ಕಾಕಾ, ಸುಳ್ಳು ಅಂತ ಗೊತ್ತಿತ್ತಲ್ಲ ಅಂದೆ. “ಅಷ್ಟೊತ್ತು ಕುತ್ತಿಗಿ ಹಿಂದ ಹಾಕಿ ನಿಂದ್ರು ನೋಡ್ತೀನಿ. ಆ ಹುಡುಗನ ಕುತ್ತಿಗಿಗೆ ಕೊಟ್ಟೀನಿ ರೊಕ್ಕ,” ಅಂದರು.

ಆವತ್ತಿನಿಂದ ಗಾಳಿಯಲ್ಲಿ ತೇಲುವ ಯಾವುದನ್ನು ಕಂಡರೂ ನನಗೆ ಮೊದಲು ಆ ಪ್ರಶ್ನೆಯೇ ನೆನಪಾಗುತ್ತದೆ. ಅದರಿಂದ ಭಕ್ತಿ ಕಡಿಮೆಯಾಗಿದೆ ಎಂದು ಮನೆಯವರ ದೂರು. ನಿಜವಾಗಿ ಹೆಚ್ಚಾಗಿದೆ, ಪಾತ್ರ ಬದಲಾಗಿದೆ ಅಷ್ಟೆ. ಮೊದಲು ಮಂತ್ರದ ಮೇಲಿತ್ತು, ಈಗ ಕಮ್ಮಾರನ ಮೇಲಿದೆ.

ಯಾಕೆಂದರೆ ಗಾಳಿಯಲ್ಲಿ ಕೂಡುವ ವಿದ್ಯೆಯ ಹಿಂದೆ ಬಹಳ ಸಲ ಇರುವುದು ಒಳ್ಳೆಯ ಕಮ್ಮಾರ. 1830ರ ಸುಮಾರಿಗೆ ಮದ್ರಾಸಿನಲ್ಲಿ ಶೇಷಾಲ ಎಂಬ ಮುದುಕನೊಬ್ಬ ನೆಲದಿಂದ ಮೇಲೆ, ಪದ್ಮಾಸನ ಹಾಕಿ, ಜಪಮಣಿ ಎಣಿಸುತ್ತ ಕೂಡುತ್ತಿದ್ದ. ಇಂಗ್ಲಿಷ್ ಪತ್ರಿಕೆಗಳು ಅವನನ್ನು ಗಾಳಿಯ ಬ್ರಾಹ್ಮಣ ಎಂದೇ ಕರೆದವು. ಅವನ ಸಾಮಾನು ನೋಡಿ: ಒಂದು ಗಿಡ್ಡ ಮಣೆ, ಮಣೆಗೆ ನೆಟ್ಟ ಒಂದು ಬಿದಿರು, ಬಿದಿರಿನ ತಲೆಯ ಮೇಲೆ ಸುರುಳಿ ಸುತ್ತಿದ ಜಿಂಕೆ ಚರ್ಮ. ಆ ಚರ್ಮದ ಮೇಲೆ ಅವನ ಒಂದು ಕೈ ಸುಮ್ಮನೆ ಇಟ್ಟಂತಿದೆ. ಋಷಿಗೆ ಇರಬೇಕಾದ ಸಾಮಾನೇ ಎಲ್ಲವೂ. ಮಣೆಯಲ್ಲಿ ಹಿತ್ತಾಳೆಯ ಹಿಡಿಕೆ, ಬಿದಿರಿನ ಒಳಗೆ ಉಕ್ಕಿನ ಸರಳು, ಚರ್ಮದ ಸುರುಳಿಯೊಳಗೆ ಅಡ್ಡ ಸರಳು, ಅದು ಅಂಗಿಯ ತೋಳಿನೊಳಗೆ ನುಗ್ಗಿ ಮೈಗುಂಟ ಇಳಿದು ಕುಂಡೆಯ ಕೆಳಗೆ ಒಂದು ಆಸನವಾಗುತ್ತದೆ. ಮುದುಕ ತೇಲುತ್ತಿಲ್ಲ, ಕುರ್ಚಿಯ ಮೇಲೆ ಕೂತಿದ್ದಾನೆ. ಕುರ್ಚಿಗೆ ಒಂದೇ ಕಾಲು, ಅದೂ ಪಕ್ಕದಲ್ಲಿ.

ಪಕ್ಕದ ಕಾಲಿನ ಕುರ್ಚಿ ಬೀಳಬೇಕಲ್ಲ? ಇಲ್ಲೇ ಗಾಡಿಯ ಲೆಕ್ಕ ಬರುವುದು. ಕೂತವನ ಭಾರ ಕಂಬದಿಂದ ಒಂದು ಮೊಳ ಆಚೆ ಇದೆ. ಅವನ ಭಾರವನ್ನೂ ಸಾಮಾನಿನ ಭಾರವನ್ನೂ ಕೂಡಿಸಿದ ನಡುಬಿಂದುವಿನಿಂದ ನೇರ ಕೆಳಗೆ ನೂಲು ಬಿಟ್ಟರೆ ಅದು ಬುಡದ ಮಣೆಯೊಳಗೇ ಬೀಳಬೇಕು. ಹೊರಗೆ ಬಿದ್ದರೆ ಋಷಿಯೂ ಬೀಳುತ್ತಾನೆ. ಆದ್ದರಿಂದ ಬುಡದ ಹಲಗೆ ಅಗಲವಾಗಿರಬೇಕು, ಭಾರಿಯಾಗಿರಬೇಕು, ಮತ್ತು ಅಗಲವೂ ಭಾರಿಯೂ ಅಲ್ಲವೆಂಬಂತೆ ಕಾಣಬೇಕು. ಲಂಡನ್, ಪ್ರಾಗ್ ಮುಂತಾದ ಊರುಗಳ ಚೌಕದಲ್ಲಿ ಮೈಗೆ ಬಂಗಾರದ ಬಣ್ಣ ಬಳಿದುಕೊಂಡು, ಒಂದು ಕೈಯಲ್ಲಿ ದಂಡ ಹಿಡಿದು ಗಾಳಿಯಲ್ಲಿ ಕೂತು ಕಾಸು ಗಳಿಸುವವರ ಕೆಳಗೆ ಯಾವಾಗಲೂ ಒಂದು ಜಮಖಾನ ಹಾಸಿರುತ್ತದೆ. ಅದು ಮರ್ಯಾದೆಗೆ ಹಾಸಿದ್ದಲ್ಲ. ಅಂಥವರನ್ನು ಕಂಡರೆ ಜನ ಅವರ ಕುಂಡೆಯ ಕೆಳಗೆ ಕೈಯಾಡಿಸಿ ನೋಡುತ್ತಾರೆ. ನೋಡಬೇಕಾದ್ದು ಜಮಖಾನದ ಕೆಳಗೆ.

ಈ ಆಟದಲ್ಲಿ ಕಬ್ಬಿಣಕ್ಕಿಂತ ಕಷ್ಟದ ಕೆಲಸ ಆ ಕೈಯದು. ಇಡೀ ಮೈಯ ಭಾರ ಹೊತ್ತ ಸರಳಿನ ಮೇಲೆ ಆ ಕೈ ಏನೂ ಹೊರದಂತೆ, ಬೇಕಾದರೆ ತೆಗೆದೇನು ಎಂಬಂತೆ, ಬೆರಳು ಸಡಿಲ ಬಿಟ್ಟು ಇರಬೇಕು. 1936ರ ಜೂನ್‌ನಲ್ಲಿ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆ ದಕ್ಷಿಣ ಭಾರತದ ಸುಬ್ಬಯ್ಯ ಪುಲವರ್ ಎಂಬವರ ಫೋಟೋಗಳನ್ನು ಅಚ್ಚು ಹಾಕಿತು. ಮನುಷ್ಯ ಗಾಳಿಯಲ್ಲಿ ಉದ್ದಕ್ಕೆ ಮಲಗಿದ್ದಾನೆ, ಬಟ್ಟೆ ಸುತ್ತಿದ ಒಂದು ಕೋಲಿನ ಮೇಲೆ ಅವನ ಒಂದು ಕೈ. ಆ ಕೈಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಸಂಜೆ ಕಟ್ಟೆಯ ಮೇಲೆ ಕೂತವರು ಪಕ್ಕದವರ ಹೆಗಲ ಮೇಲೆ ಇಡುವ ಕೈ ಅದು. ಆ ಕೋಲಿಗೆ ಬಟ್ಟೆ ಯಾಕೆ ಸುತ್ತಿದ್ದರು ಎಂದು ಕೇಳುವಷ್ಟು ನೀವು ಈಗ ಕೆಟ್ಟಿದ್ದೀರಿ.

ಪ್ಯಾರಿಸ್ಸಿನ ರಾಬರ್ಟ್ ಹೂಡಿನ್ 1847ರಲ್ಲಿ ಇದೇ ಆಟಕ್ಕೆ ವೈದ್ಯಕೀಯದ ಅಂಗಿ ತೊಡಿಸಿದ. ಆಗಷ್ಟೇ ಈಥರ್ ಎಂಬ ಮಂಪರಿನ ಮದ್ದು ಬಂದಿತ್ತು, ಪತ್ರಿಕೆಗಳ ತುಂಬ ಅದರದೇ ಸುದ್ದಿ. ಈಥರ್ ಮೂಸಿದರೆ ಮನುಷ್ಯ ಬಲೂನಿನಷ್ಟು ಹಗುರಾಗುತ್ತಾನೆ ಎಂದು ಹೇಳಿ ತನ್ನ ಸಣ್ಣ ಮಗನಿಗೆ ಖಾಲಿ ಸೀಸೆ ಮೂಸಿಸುತ್ತಿದ್ದ. ಪರದೆಯ ಹಿಂದೆ ಸಹಾಯಕ ಕಾದ ಕಬ್ಬಿಣದ ಮೇಲೆ ಈಥರ್ ಸುರಿದು ಸಭೆಗೆಲ್ಲ ವಾಸನೆ ಹಬ್ಬಿಸುತ್ತಿದ್ದ. ಹುಡುಗ ಒಂದು ಕೋಲಿಗೆ ಮೊಣಕೈ ಊರಿ ಅಡ್ಡಡ್ಡ ಮಲಗಿಬಿಡುತ್ತಿದ್ದ. ಅಂಗಿಯೊಳಗೆ ಕವಚ, ಕವಚಕ್ಕೆ ಹಲ್ಲಿನ ಕೀಲು, ಕೀಲಿಗೆ ಕೋಲು. ಹಲ್ಲು ಒಂದೊಂದಾಗಿ ಕಚ್ಚಿಕೊಂಡಂತೆ ಹುಡುಗ ಒಂದೊಂದು ಮಜಲು ಮೇಲೇರುತ್ತಾನೆ. ಮಗುವಿಗೆ ಹೀಗೆ ಮದ್ದು ಮೂಸಿಸುವ ತಂದೆ ಎಂಥ ಕಟುಕ ಎಂದು ಪ್ರೇಕ್ಷಕರು ಅವನಿಗೆ ಪತ್ರ ಬರೆದರು. ಆ ಪತ್ರಗಳನ್ನು ಅವನು ಚಪ್ಪಾಳೆಯ ಲೆಕ್ಕಕ್ಕೆ ಜಮಾ ಹಾಕಿಕೊಂಡ. ಜಾದೂಗಾರನಿಗೆ ಬೈಗುಳವೂ ಬಿರುದೇ.

ಆಮೇಲೆ ನಾಟಕಶಾಲೆಗಳು ದೊಡ್ಡವಾದವು, ಕೋಲು ಕಾಣೆಯಾಯಿತು. ಲಂಡನ್ನಿನ ಮ್ಯಾಸ್ಕೆಲಿನ್ 1901ರ ಹೊತ್ತಿಗೆ ಮನುಷ್ಯನನ್ನು ಬಯಲಿನಲ್ಲಿ ತೇಲಿಸಿದ. ಅಮೆರಿಕದ ಹ್ಯಾರಿ ಕೆಲ್ಲರ್ ದುರ್ಬೀನು ಹಿಡಿದು ಆಟ ನೋಡಿದ, ನೋಡಿ ತಿಳಿಯದೆ ಅಲ್ಲಿದ್ದ ಜಾದೂಗಾರನೊಬ್ಬನನ್ನೇ ತನ್ನ ಕಂಪನಿಗೆ ಕರೆದುಕೊಂಡು ಹೋದ. 1904ರಲ್ಲಿ ‘ರಾಜಕುಮಾರಿ ಕರ್ನಾಕ್’ ಎಂಬ ಹೆಸರಿನಿಂದ ಅದು ಅಮೆರಿಕದಲ್ಲಿ ತೇಲಿತು. ಮೇಲೆ ಕಣ್ಣಿಗೆ ಕಾಣದ ಸಣ್ಣ ತಂತಿಗಳ ಸಾಲು, ಇನ್ನೊಂದು ಕಡೆ ಸರಿತೂಕದ ಗುಂಡು. ಒಂದು ದಪ್ಪ ಹಗ್ಗ ಎಲ್ಲರಿಗೂ ಕಾಣುತ್ತದೆ, ಅದೇ ಭಾರವನ್ನು ಹತ್ತಾರು ಎಳೆಗೆ ಹಂಚಿದರೆ ಯಾರಿಗೂ ಕಾಣುವುದಿಲ್ಲ. ನಮ್ಮ ಸಹಕಾರಿ ಸಂಘಗಳ ಸಾಲದ ಹಾಗೆ.

ತಂತಿ ಇಲ್ಲವೆಂದು ತೋರಿಸಲು ಬಳೆ ತೂರಿಸುತ್ತಾರಲ್ಲ, ಅದರ ಕಥೆ ಬೇರೆ. ಪರದೆಯ ಹಿಂದಿನಿಂದ ಬರುವ ಸರಳಿನ ಮೇಲೆ ಮಲಗಿಸುವ ಪದ್ಧತಿಯಲ್ಲಿ ಆ ಸರಳು ನೇರ ಇರುವುದಿಲ್ಲ, ಬಾತುಕೋಳಿಯ ಕೊರಳಂತೆ ಬಾಗಿರುತ್ತದೆ. ಜಾದೂಗಾರ ಕಾಲಿನ ಕಡೆಯಿಂದ ಬಳೆ ತೂರಿಸಿ ತಲೆಯ ಕಡೆ ತರುತ್ತಾನೆ. ಬಳೆ ಆಗ ನಿಜಕ್ಕೂ ಸರಳಿನ ಬಾಗಿನಲ್ಲಿ ಸಿಕ್ಕಿಕೊಂಡಿರುತ್ತದೆ, ನಮಗೆ ಮಾತ್ರ ಹೊರಬಂದಂತೆ ಕಾಣುತ್ತದೆ. ಅದನ್ನು ಹಿಂದಿನಿಂದ ಸುತ್ತಿ ತಂದು ಇನ್ನೊಮ್ಮೆ ತೂರಿಸಿದಾಗ ಬಿಡಿಸಿಕೊಳ್ಳುತ್ತದೆ. ಎರಡು ಸಲ ಯಾಕೆ ತೂರಿಸಿದ ಎಂದು ಯಾರೂ ಕೇಳುವುದಿಲ್ಲ, ಇನ್ನೂ ಖಾತ್ರಿ ಮಾಡಿ ತೋರಿಸಿದ ಎಂದೇ ಮೆಚ್ಚುತ್ತಾರೆ. ಒಂದು ಸಲಕ್ಕೆ ಮುಗಿಯಬೇಕಾದ್ದನ್ನು ಎರಡು ಸಲ ಪ್ರಮಾಣ ಮಾಡಿ ಹೇಳುವವರನ್ನು ಕಂಡರೆ ನನಗೆ ಈಗೀಗ ಆ ಬಳೆಯೇ ಕಾಣುತ್ತದೆ.

ಇಷ್ಟು ಹೇಳಿದರೂ ನಮ್ಮ ಕಟ್ಟೆಯಲ್ಲಿ ಒಬ್ಬರಾದರೂ ‘ಸೂಜಿಗಲ್ಲು ಇರಬೇಕ್ರೀ’ ಎನ್ನುತ್ತಾರೆ. ಸೂಜಿಗಲ್ಲಿನ ನಂಬಿಕೆ ಹಳೆಯದು. 13ನೇ ಶತಮಾನದ ಅಲ್ ಖಜ್ವೀನಿ ಸೋಮನಾಥದ ಮೂರ್ತಿ ಗುಡಿಯ ನಡುವೆ ಆಧಾರವಿಲ್ಲದೆ ತೇಲುತ್ತಿತ್ತು, ಮೇಲಿನ ಸೂಜಿಗಲ್ಲು ಕೀಳಿಸಿದಾಗ ವಾಲಿ ಬಿತ್ತು ಎಂದು ಬರೆದ. ಘಜನಿಯ ಮಹಮೂದ ಬಂದು ಹೋಗಿ ಆಗ ಎರಡು ಶತಮಾನವಾಗಿತ್ತು. ಅಷ್ಟು ದೂರದಿಂದ ನೋಡಿದರೆ ಏನು ಬೇಕಾದರೂ ತೇಲುತ್ತದೆ. 1842ರಲ್ಲಿ ಸ್ಯಾಮ್ಯುಯೆಲ್ ಅರ್ನ್‌ಶಾ ಎಂಬ ಇಂಗ್ಲಿಷ್ ಪಾದ್ರಿ ಗಣಿತದಿಂದಲೇ ಆ ಆಸೆಗೆ ಕಲ್ಲು ಹಾಕಿದ. ಸ್ಥಿರವಾದ ಮಾಮೂಲಿ ಅಯಸ್ಕಾಂತಗಳನ್ನು ಹೇಗೇ ಜೋಡಿಸಿದರೂ ಇನ್ನೊಂದು ಅಯಸ್ಕಾಂತವನ್ನಾಗಲಿ ಕಬ್ಬಿಣವನ್ನಾಗಲಿ ನಡುಗಾಳಿಯಲ್ಲಿ ನೆಲೆಯಾಗಿ ನಿಲ್ಲಿಸಲು ಬರುವುದಿಲ್ಲ. ಕೂದಲೆಳೆಯಷ್ಟು ಮೇಲೆ ಸರಿದರೆ ಮೇಲಕ್ಕೆ ಅಂಟುತ್ತದೆ, ಕೆಳಗೆ ಸರಿದರೆ ಬೀಳುತ್ತದೆ.

ಆ ನಿಯಮದಿಂದ ತಪ್ಪಿಸಿಕೊಳ್ಳುವ ಸಂದಿಯೂ ಇದೆ, ಅಯಸ್ಕಾಂತವನ್ನು ಕಂಡರೆ ದೂರ ಸರಿಯುವ ವಸ್ತುಗಳಿಗೆ. ನೀರು ಅಂಥದು, ಅತಿ ಸ್ವಲ್ಪ. 1997ರಲ್ಲಿ ನೆದರ್ಲೆಂಡ್ಸಿನ ನೈಮೇಖನ್‌ನಲ್ಲಿ ಆಂದ್ರೆ ಗೈಮ್ ಮತ್ತು ಸಂಗಡಿಗರು ಸುಮಾರು 16 ಟೆಸ್ಲಾದ ಅಯಸ್ಕಾಂತದೊಳಗೆ ಬದುಕಿದ್ದ ಕಪ್ಪೆಯನ್ನು ತೇಲಿಸಿದರು. ಕಪ್ಪೆಯ ಮೈಯೆಲ್ಲ ನೀರೇ ತಾನೆ. ಕಾಕಾನ ಪ್ರಶ್ನೆಯನ್ನು ಅಲ್ಲಿಯೂ ಕೇಳಬಹುದು, ಉತ್ತರವೂ ಇದೆ: ಕಪ್ಪೆಯ ಭಾರ ಅಯಸ್ಕಾಂತದ ಮೇಲೆ ಕುಂತದ. ಅಯಸ್ಕಾಂತವನ್ನು ತಕ್ಕಡಿಯ ಮೇಲೆ ಇಟ್ಟಿದ್ದರೆ ತೂಕದಲ್ಲಿ ಕಪ್ಪೆಯೂ ಸೇರಿ ಬರುತ್ತಿತ್ತು. ಗೈಮ್‌ಗೆ ಈ ತಮಾಷೆಗೆ 2000ದಲ್ಲಿ ಇಗ್ ನೊಬೆಲ್ ಬಂತು, ಬೇರೆ ಕೆಲಸಕ್ಕೆ 2010ರಲ್ಲಿ ಖರೇ ನೊಬೆಲ್ಲೇ ಬಂತು. ಕಪ್ಪೆಗೆ ಯಾವುದೂ ಬರಲಿಲ್ಲ.

ನಮ್ಮ ನಾಡಿನಲ್ಲಿ ಭಾರ ನಿಜಕ್ಕೂ ಇಲ್ಲವಾದ ಪ್ರಸಂಗ ಒಂದೇ, ಅದು ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ. ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಠಣ್ಣೆಂದಿತು, ಅಲ್ಲಮನ ಮೈಗೆ ಬೀಸಿದರೆ ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಅಲ್ಲಮನ ಮುಂದೆ ಕಾಕಾನ ಪ್ರಶ್ನೆ ನಡೆಯುವುದಿಲ್ಲ. ಅಲ್ಲಮನೂ ಅದಕ್ಕೆ ಟಿಕೆಟ್ಟು ಇಡಲಿಲ್ಲ, ನಡೆದುಬಿಟ್ಟ.

ಏನನ್ನೂ ಬಚ್ಚಿಡದ ತೂಗಾಟ ನೋಡಬೇಕೆಂದರೆ ಸಂಕ್ರಾಂತಿಗೆ ಸೊಲ್ಲಾಪುರಕ್ಕೆ ಹೋಗಬೇಕು. ಸಿದ್ಧರಾಮನ ಜಾತ್ರೆಯಲ್ಲಿ ಏಳು ನಂದಿಧ್ವಜ ಹೊರಡುತ್ತವೆ. ಸಿದ್ಧರಾಮನ ಯೋಗದಂಡಕ್ಕೂ ಕುಂಬಾರರ ಮಗಳಿಗೂ ನಡೆದ ಮದುವೆಯ ನೆನಪು ಅದು. ಮನೆಯ ಮಾಳಿಗೆಗಿಂತ ಎತ್ತರದ ಕೋಲು, ಬುಡವನ್ನು ಸೊಂಟದ ಪಟ್ಟಿಯಲ್ಲಿ ಊರಿಕೊಂಡು ಒಬ್ಬನೇ ಹೊತ್ತು ನಡೆಯುತ್ತಾನೆ, ಸುತ್ತ ಜನ ಕೈ ಚಾಚಿಕೊಂಡು. ಅವನ ಕಾಲು ನೋಡುವವರು ಕಡಿಮೆ, ಎಲ್ಲರೂ ತುದಿ ನೋಡುತ್ತಾರೆ. ಹೊತ್ತವನೂ ತುದಿಯನ್ನೇ ನೋಡುತ್ತಾನೆ. ತುದಿ ಯಾವ ಕಡೆ ವಾಲಿತೋ ಬುಡವನ್ನು ಅದೇ ಕಡೆಗೆ ಓಡಿಸಬೇಕು. ಇಷ್ಟುದ್ದದ್ದು ಹೇಗೆ ತಡೆಯುತ್ತಾನೋ ಎಂದು ಬೆರಗಾಗುತ್ತೇವೆ, ಆದರೆ ಉದ್ದವೇ ಅವನ ಸ್ನೇಹಿತ. ಕೋಲು ನಾಲ್ಕು ಪಟ್ಟು ಉದ್ದವಾದರೆ ಬೀಳಲು ಎರಡು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ಅಂಗೈ ಮೇಲೆ ಪೆನ್ಸಿಲ್ ನಿಲ್ಲಿಸಲು ಹೋಗಿ ನೋಡಿ, ಆಮೇಲೆ ಕಸಬರಿಗೆಯನ್ನು ತಲೆ ಮೇಲಾಗಿ ನಿಲ್ಲಿಸಿ. ಕಸಬರಿಗೆ ಮಾತು ಕೇಳುತ್ತದೆ. ತುದಿಯಲ್ಲಿ ಭಾರವಿದ್ದಷ್ಟೂ ಒಳ್ಳೆಯದು, ಅದು ನಿಧಾನಕ್ಕೆ ಯೋಚಿಸಿ ಬೀಳುತ್ತದೆ. ಹೊತ್ತವನ ಸೊಂಟಕ್ಕೆ ಮಾತ್ರ ಇದರಲ್ಲಿ ರಿಯಾಯಿತಿ ಇಲ್ಲ.

ಕಾಕಾನ ಪ್ರಶ್ನೆಗೆ ಒಮ್ಮೆ ಪೆಟ್ಟು ಬಿದ್ದದ್ದು ನಮ್ಮ ಮನೆಯಲ್ಲೇ. ಜೋಳದ ರೊಟ್ಟಿ ತಿನ್ನುವ ಮನೆಗೆ ಯಾರೋ ಮದುವೆಯಲ್ಲಿ ಫೋರ್ಕಿನ ಸೆಟ್ಟು ಉಡುಗೊರೆ ಕೊಟ್ಟಿದ್ದರು. ಅದರ ಏಕಮಾತ್ರ ಉಪಯೋಗ ಇದು: ಎರಡು ಫೋರ್ಕಿನ ಹಲ್ಲುಗಳನ್ನು ಒಂದಕ್ಕೊಂದು ಸಿಕ್ಕಿಸಿ, ನಡುವೆ ಕಡ್ಡಿ ತೂರಿಸಿ, ಕಡ್ಡಿಯನ್ನು ಗಾಜಿನ ಗ್ಲಾಸಿನ ಅಂಚಿನ ಮೇಲೆ ಇಡುವುದು. ಫೋರ್ಕುಗಳೆರಡೂ ಗ್ಲಾಸಿನ ಹೊರಗೆ, ಹಿಡಿಗಳು ಮಾತ್ರ ಬಾಗಿ ಗ್ಲಾಸಿನ ಎರಡೂ ಪಕ್ಕಕ್ಕೆ ಬಂದಿರುತ್ತವೆ. ಕಡ್ಡಿಯ ಒಳತುದಿಗೆ ಬೆಂಕಿ ಹಚ್ಚಿದರೆ ಅಂಚಿನವರೆಗೂ ಸುಟ್ಟು, ಗಾಜು ಕಾವು ಹೀರಿಕೊಂಡು ಆರಿಹೋಗುತ್ತದೆ. ಫೋರ್ಕು ಬೀಳುವುದಿಲ್ಲ. ಅಂಚಿಗೆ ಬರಿ ಕರಿ ಚುಕ್ಕೆಯಷ್ಟು ಕಡ್ಡಿ ತಾಗಿರುತ್ತದೆ. ಭಾರ ಎಲ್ಲಿ ಕುಂತದ ಹೇಳಿ ಕಾಕಾ ಅಂದೆ. ಸುತ್ತ ತಿರುಗಿ ನೋಡಿದರು. ಕಬ್ಬಿಣದಲ್ಲಿ ಹುಡುಕಿದರು, ಗಾಜಿನಲ್ಲಿ ಹುಡುಕಿದರು. ಎರಡೂ ಫೋರ್ಕುಗಳ ಒಟ್ಟು ಭಾರದ ನಡುಬಿಂದು ಯಾವ ಫೋರ್ಕಿನಲ್ಲೂ ಇರುವುದಿಲ್ಲ, ಅವೆರಡರ ನಡುವೆ, ಅಂಚಿನ ನೇರ ಕೆಳಗೆ, ಖಾಲಿ ಜಾಗದಲ್ಲಿರುತ್ತದೆ. ಹೇಳಿದೆ. “ಹಾಂಗಾರ ಖಾಲಿ ಜಾಗಾಕ್ಕೂ ಭಾರ ಅದ ಅನ್ನು,” ಎಂದು ನಕ್ಕರು. ಆಮೇಲೆ ಬಂದ ನೆಂಟರಿಗೆಲ್ಲ ತಾವೇ ಮಾಡಿ ತೋರಿಸತೊಡಗಿದರು, ಬೆಂಕಿಪೆಟ್ಟಿಗೆ ನಮ್ಮದು.

ಕಟ್ಟಡಗಳೂ ಹೀಗೆ ಕಣ್ಣು ಕಟ್ಟುತ್ತವೆ. ಲೇಪಾಕ್ಷಿಯ ತೂಗುಗಂಬದ ಕೆಳಗೆ ಟವೆಲ್ಲು ಎಳೆದು ಬೆರಗಾಗುತ್ತೇವೆ, ಮೇಲೆ ಭಾರ ಹೊತ್ತ ಉಳಿದ ಕಂಬಗಳ ಕಡೆ ತಿರುಗಿಯೂ ನೋಡುವುದಿಲ್ಲ. ಕೆಲಸ ಮಾಡದವನಿಗೇ ಹೆಸರು. ವಿಜಯಪುರದ ಗೋಳಗುಮ್ಮಟ ಇನ್ನೂ ಜಾಣ. 1656ರಲ್ಲಿ ಮುಗಿದ ಆ 44 ಮೀಟರಿನ ಗುಮ್ಮಟದ ಕೆಳಗೆ ಒಂದೂ ಕಂಬವಿಲ್ಲ. ಗುಮ್ಮಟ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ, ಒಂದನ್ನೊಂದು ಕತ್ತರಿಸುವ ಕಮಾನುಗಳ ಮೇಲೆ ಒಳಕ್ಕೆ ಚಾಚಿದ ಗಾರೆಯ ಭಾರ ಒಳಕ್ಕೆ ಎಳೆಯುತ್ತದೆ. ನಾವು ಮೇಲೇರಿ ಪಿಸುಗುಟ್ಟಿ ಪ್ರತಿಧ್ವನಿ ಕೇಳಿ ಇಳಿದು ಬರುತ್ತೇವೆ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಅವರು ಭೌತವಿಜ್ಞಾನದ ಮೇಷ್ಟ್ರು. ಹೆಸರಾಂತ ಬಾಬಾ ಒಬ್ಬರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಉಂಗುರ, ವಿಭೂತಿ ಬೇಡ, ಅಂಗೈಯಲ್ಲಿ ಅಡಗದ ಕುಂಬಳಕಾಯಿ ಸೃಷ್ಟಿಸಲಿ ಎಂಬ ಅವರ ಸವಾಲನ್ನು ಜನ ಇಂದಿಗೂ ನೆನೆದು ನಗುತ್ತಾರೆ. ಗಾರುಡಿಯ ಹುಡುಗನಿಗೆ ಆ ಪತ್ರ ಹೋಗಿದ್ದರೆ ಚಾದರ ಮಡಚಿಕೊಂಡು ಮೊದಲ ಬಸ್ಸಿಗೇ ಬೆಂಗಳೂರಿಗೆ ಹೋಗುತ್ತಿದ್ದ ಎಂದು ನನ್ನ ನಂಬಿಕೆ. ಜಾದೂಗಾರ ಇದು ಆಟ ಎಂದು ಹೇಳಿಯೇ ಆಡುತ್ತಾನೆ. ಕಾಣಿಕೆ ಹುಂಡಿ ಇಟ್ಟುಕೊಂಡವನಿಗೆ ಹಾಗೆ ಹೇಳುವ ಸೌಕರ್ಯವಿಲ್ಲ. ಹುಲಿಕಲ್ ನಟರಾಜರು ಊರೂರು ತಿರುಗಿ ಪವಾಡ ಮಾಡಿ ತೋರಿಸಿ, ಕೂಡಲೇ ಗುಟ್ಟೂ ಬಿಚ್ಚುತ್ತಾರೆ. ಜನ ಎರಡಕ್ಕೂ ಚಪ್ಪಾಳೆ ಹೊಡೆಯುತ್ತಾರೆ, ಗುಟ್ಟಿಗೆ ಒಂದು ಕೈ ಹೆಚ್ಚೇ.

ಗುಟ್ಟು ಗೊತ್ತಾದರೆ ರಸ ಹೋಗುತ್ತದೆ ಎನ್ನುವವರಿಗೆ ಒಂದು ಕಾಗದ ತೋರಿಸಬೇಕೆನಿಸುತ್ತದೆ. ಜಾದೂಗಾರ ಡೇವಿಡ್ ಕಾಪರ್‌ಫೀಲ್ಡ್ 1992ರಲ್ಲಿ ಟಿ.ವಿ.ಯಲ್ಲಿ ಹಾರಿದ. ತೇಲಲಿಲ್ಲ, ಹಾರಿದ: ಪಲ್ಟಿ ಹೊಡೆದ, ಬಳೆಯೊಳಗೆ ತೂರಿದ, ಗಾಜಿನ ಪೆಟ್ಟಿಗೆಯೊಳಗೆ ಇಳಿದು ಮುಚ್ಚಳ ಹಾಕಿಸಿಕೊಂಡು ಅಲ್ಲಿಯೂ ತೇಲಿದ. ಅದರ ಯಂತ್ರ ಕಟ್ಟಿದವನು ಜಾನ್ ಗಾನ್. ಗಾನ್ ಅದನ್ನು ಯಾರೂ ಕದಿಯಬಾರದೆಂದು ಅಮೆರಿಕದ ಸರಕಾರದಲ್ಲಿ ಪೇಟೆಂಟ್ ಮಾಡಿಸಿದ, 1994ರಲ್ಲಿ ಸಿಕ್ಕಿತು. ಪೇಟೆಂಟಿನ ಕಾನೂನು ಎಂಥದೆಂದರೆ, ಗುಟ್ಟು ಕಾಯಬೇಕೆಂದರೆ ಮೊದಲು ಚಿತ್ರ ಸಮೇತ ಊರಿಗೆಲ್ಲ ಹೇಳಬೇಕು. ಅದರಲ್ಲಿ ಎಲ್ಲವೂ ಇದೆ. ಸೊಂಟದ ಎರಡೂ ಪಕ್ಕದಿಂದ, ಮೈಯ ಭಾರದ ನಡುಬಿಂದುವಿನ ಹತ್ತಿರದಿಂದ, ಬೀಸಣಿಗೆಯಾಗಿ ಮೇಲಕ್ಕೆ ಹರಡಿದ ಕಾಲು ಮಿಲಿಮೀಟರಿನ ತಂತಿಗಳು, ಅವು ಜೋತುಬೀಳದಂತೆ ನಿಭಾಯಿಸುವ ಚೌಕಟ್ಟು, ಎಲ್ಲ. ಅದನ್ನು ಓದಿ, ಚಿತ್ರ ಎದುರಿಗಿಟ್ಟುಕೊಂಡು, ಆ ಹಾರಾಟದ ವಿಡಿಯೋ ಹಾಕಿಕೊಂಡು, ತಂತಿ ಎಲ್ಲಿರಬೇಕೋ ಅಲ್ಲೇ ಕಣ್ಣು ನೆಟ್ಟು ಕೂತೆ. ಹಿಂದಕ್ಕೆ ಸರಿಸಿ ನೋಡಿದೆ, ನಿಲ್ಲಿಸಿ ನೋಡಿದೆ, ಕನ್ನಡಕ ಒರೆಸಿಕೊಂಡು ನೋಡಿದೆ. ಆ ಮನುಷ್ಯ ಹಾರುತ್ತಲೇ ಇದ್ದ.